ಕಾಯಿಲೆ ಕೇಳದ ಅರ್ಜಿ

ಬಡಾವಣೆಯ ಸಂಘದ ಈಜುಕೊಳದಲ್ಲಿ ಮಂಗಳವಾರ ಬೆಳಿಗ್ಗೆ ವ್ಯಾಯಾಮ ಹೇಳಿಕೊಡುವವಳನ್ನು ಎಲ್ಲರೂ ನೀರಕ್ಕ ಎಂದೇ ಕರೆಯುವುದು. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಮೊಣಕಾಲು ಮುಷ್ಕರ ಹೂಡಿದ ಅಜ್ಜಿಯರು, ಯಾರು ಬಂದರೂ ಅಲ್ಲಿ ಜಾಗವಿದೆ. ಮೆಟ್ಟಿಲ ಪಕ್ಕ ಇಳಿಜಾರು ಹಾಕಿಸಿದ್ದು, ಕೂರಿಸಿ ನೀರಿಗಿಳಿಸುವ ಕುರ್ಚಿ ತರಿಸಿದ್ದು ಸಂಘ. ತರಗತಿ ಸೇರುವ ಅರ್ಜಿಯಿಂದ 'ಕಾಯಿಲೆ ಇದೆಯೇ' ಎಂಬ ಸಾಲನ್ನು ತೆಗೆಸಿದ್ದು ಮಾತ್ರ ನೀರಕ್ಕನ ಹಟ. ಅವಳ ಒಂದು ಕಾಲು ಹುಟ್ಟಿನಿಂದಲೇ ಸಣಕಲು. ಕಾಲಿಗೇನಾಯ್ತು ಎಂದು ಕೇಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಕಂಡವರೆಲ್ಲ ಡಾಕ್ಟರಾದರೆ ಕಾಂಪೌಂಡರ್ ಯಾರಾಗಬೇಕು ಎಂದು ಸಭೆಯಲ್ಲಿ ರೇಗಿ, ಎಲ್ಲರನ್ನೂ ನಗಿಸಿ ಗೆದ್ದಿದ್ದಳು. ಅಂದಿನಿಂದ ಅಲ್ಲಿ ಯಾರೂ ಯಾರ ಕಾಯಿಲೆಯನ್ನೂ ಕೇಳುವಂತಿರಲಿಲ್ಲ. ಕೇಳಿದರೆ ನೀರಕ್ಕನ ಕಣ್ಣೇ ಸಾಕಿತ್ತು.

ಬಡಾವಣೆಯ ಟೈಲರ್ ಬಂದದ್ದು ಆಮೇಲೆ. ಲಕ್ವ ಹೊಡೆದು ಬಲಗೈ ಮರಗಟ್ಟಿತ್ತು. ನೀರಿನಲ್ಲಿ ಮಾತ್ರ ಆ ಕೈ ಹೆಗಲವರೆಗೆ ಏರುತ್ತಿತ್ತು. ಮೊದಲ ಸಲ ಏರಿದ ದಿನ ಆತ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟಿದ್ದರು. "ಕತ್ತರಿ ಹಿಡಿಯೋಕೆ ಇನ್ನೆಷ್ಟು ವಾರ ಬೇಕಕ್ಕ?" ಎಂದು ಕೇಳಿದ್ದರು. ನೀರಕ್ಕನಿಗೆ ಹೊಟ್ಟೆ ತುಂಬಿದಂತಾಗಿತ್ತು.

ಹೋದ ತಿಂಗಳು, ಎಲ್ಲರೂ ಅಂಚು ಹಿಡಿದು ಕಾಲು ಬಡಿಯುತ್ತಿದ್ದಾಗ, ಟೈಲರ್ ಸದ್ದಿಲ್ಲದೆ ಮುಳುಗಿದರು. ಫಿಟ್ಸ್. ನೀರಕ್ಕ ಬಟ್ಟೆಯಲ್ಲೇ ಧುಮುಕಿ ಗದ್ದ ಹಿಡಿದೆತ್ತಿದಳು. ಜೀವ ಉಳಿಯಿತು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಅವರ ಮಗಳು ಹೇಳಿದ ಮಾತು ಜೊತೆಗೆ ಬಂದವರಿಗೆಲ್ಲ ಕೇಳಿಸಿತು.

"ಅಪ್ಪನಿಗೆ ಫಿಟ್ಸ್ ಬರತ್ತೆ ಅಂತ ಬೀದಿಗೆಲ್ಲ ಗೊತ್ತು. ನೀವು ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

ಕೇಳದೇ ಇರುವುದೇ ಮರ್ಯಾದೆ ಎಂದು ನಂಬಿದ್ದವಳು ನೀರಕ್ಕ. ಆ ವಾರವೇ ಸಂಘದ ಅಧ್ಯಕ್ಷರು ಹಳೆಯ ಸಾಲನ್ನು ಮತ್ತೆ ಅರ್ಜಿಗೆ ಸೇರಿಸಿದರು. 'ಇದೆ' ಎಂದವರು ಡಾಕ್ಟರ ಚೀಟಿ ತರಬೇಕು, ಚೀಟಿಯಿಲ್ಲದವರಿಗೆ ನೀರಿಲ್ಲ. ಒಪ್ಪಿ ಸಹಿ ಹಾಕಿದವಳೂ ನೀರಕ್ಕನೇ.

ಮತ್ತೆ ತರಗತಿ ಶುರುವಾದ ಮಂಗಳವಾರ, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಅವಳು ಅರ್ಜಿಗಳನ್ನು ತಿರುವಿದಳು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಅಜ್ಜಿ 'ಇಲ್ಲ' ಎಂದು ಬರೆದಿದ್ದರು. ಸಕ್ಕರೆ ಕಾಯಿಲೆಯ ಅಂಚೆಯಣ್ಣನೂ 'ಇಲ್ಲ'. ಯಾರಿಗೂ ಏನೂ ಇಲ್ಲ. ಇಡೀ ಬಡಾವಣೆಯೇ ಕುಸ್ತಿಗೆ ಹೊರಟಂತಿತ್ತು. ಕೊನೆಯದು ಎಡಗೈಯ ಸೊಟ್ಟ ಅಕ್ಷರ. ಅದೂ 'ಇಲ್ಲ'.

ಟೈಲರ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದುರಿಗೇ ನಿಂತಿದ್ದರು.

"ಏನ್ ಟೈಲರ್ರೇ ಇದು? ನಿಮ್ಮನ್ನ ಎತ್ತಿದ್ದು ನಾನೇ ಅಲ್ವಾ?"

"ಹೌದಕ್ಕ."

"ಮತ್ತೆ ಇಲ್ಲ ಅಂತ ಬರೆದಿದೀರಲ್ಲ."

"ಇದೆ ಅಂತ ಬರೆದ್ರೆ ಒಳಗೆ ಬಿಡ್ತೀರಾ? ಡಾಕ್ಟರು ಚೀಟಿ ಕೊಡಲ್ಲ ಅಂದುಬಿಟ್ರು."

ಪಕ್ಕದ ಗೋಡೆಯಾಚೆ ಉಳಿದವರು ನೀರಿಗಿಳಿಯುವ ಸದ್ದು ಕೇಳುತ್ತಿತ್ತು. ನೀರಿನಲ್ಲಿ ಟೈಲರ್ ಪಕ್ಕಕ್ಕೇ ಒಬ್ಬರನ್ನು ನಿಲ್ಲಿಸಿದರೆ ಹೇಗೆ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಹಾಗೆ ನಿಲ್ಲಲು ಸಂಘದಲ್ಲಿ ಯಾರೂ ಇರಲಿಲ್ಲ. ಇಷ್ಟು ಜನರ ನಡುವೆ ತನ್ನ ಕಣ್ಣು ಇನ್ನೊಮ್ಮೆ ತಪ್ಪಿದರೆ?

"ಬಿಡಲ್ಲ," ಎಂದಳು. ಹೇಳುವಾಗ ಅಳು ಬಂತು.

ಟೈಲರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ನಾನು ಸುಳ್ಳುಗಾರ ಅಲ್ಲ ಅಕ್ಕ," ಎಂದರು. "ನೀವು ಕೇಳದೇ ಇದ್ದಾಗ ಒಂದು ದಿನಾನೂ ಸುಳ್ಳು ಹೇಳಿರ್ಲಿಲ್ಲ."

ಎಡಗೈಯಿಂದ ಅರ್ಜಿಯನ್ನು ವಾಪಸು ಇಸಕೊಂಡು, ಅದನ್ನು ಒಣ ಟವೆಲಿನಲ್ಲಿ ಸುತ್ತಿಕೊಂಡು ಹೊರಟರು.