ಹಳದಿ ವ್ಯಾನಿನ ಮಾಲ್ಸುನ್ ಮತ್ತು ಖಾಲಿ ಗೇಟುಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಳ್ಳುಳ್ಳಿ ಹೊಲಗಳಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಗಳ ಮೇಲೆ ಮಂಜು ಹೆಪ್ಪುಗಟ್ಟಿ ಊರ ಸುತ್ತ ಬೆಳ್ಳಗೆ ಕಾಣುತ್ತಿದೆ. ಸಿಯೋಲಿನಿಂದ ಬಹುದೂರದ ಸಾಂಗ್ನೆ ಪೇಟೆಯ ತುದಿಯಲ್ಲಿ ಹಳದಿ ವ್ಯಾನೊಂದು ಗುರ್ರೆನ್ನುತ್ತ ನಿಂತಿದೆ. ಒಳಗೆ ಆಯಾ ಓಕ್ ಮಾಲ್ಸುನ್ ಸೀಟಿನಿಂದ ಸೀಟಿಗೆ ಸರಿಯುತ್ತ, ಬೆಲ್ಟಿನ ಕೊಕ್ಕೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಮುಚ್ಚಿ ಹಿಡಿದು ಬೆಚ್ಚಗೆ ಮಾಡುತ್ತಿದ್ದಾರೆ. ತಣ್ಣನೆಯ ಕಬ್ಬಿಣ ಹೊಟ್ಟೆಗೆ ತಾಗಿದರೆ ಮುದಿಜೀವಗಳು ಬೆಚ್ಚಿಬೀಳುತ್ತವೆ. ಹಿಂದೆ ಮಕ್ಕಳೂ ಹಾಗೇ ಬೆಚ್ಚುತ್ತಿದ್ದವು.

"ಮೊಟ್ಟೆಗೆಲ್ಲ ಕಾವು ಕೊಟ್ಟಾಯ್ತೇನಮ್ಮ? ಮರಿ ಆಗೋದು ಯಾವಾಗ?" ಎಂದು ಡ್ರೈವರ್ ಬಾಂಗ್ ಕನ್ನಡಿಯಲ್ಲೇ ನೋಡುತ್ತ ಛೇಡಿಸುತ್ತಾರೆ.

"ನಿಮ್ಮ ಹೀಟರ್ ರಿಪೇರಿ ಆದ ದಿನ" ಎನ್ನುತ್ತಾರೆ ಮಾಲ್ಸುನ್, ತಲೆ ಎತ್ತದೆ.

ವ್ಯಾನಿನ ಮೈಮೇಲೆ 'ಹೊಸ ಮೊಳಕೆ' ಎಂದು ಬರೆದಿದೆ. ಕೆಳಗೆ 'ಶಿಶುವಿಹಾರ' ಎಂಬ ಅಕ್ಷರಗಳನ್ನು ಕೆರೆದು ತೆಗೆದು 'ಹಿರಿಯರ ಹಗಲು ಮನೆ' ಎಂಬ ಪಟ್ಟಿ ಅಂಟಿಸಿದ್ದಾರೆ. ಕೆರೆದ ಜಾಗದ ಬಣ್ಣ ಬೇರೆಯಾಗಿರುವುದರಿಂದ ಬಿಸಿಲು ಬಿದ್ದಾಗ ಎರಡೂ ಕಾಣುತ್ತವೆ. ಊರಲ್ಲಿ ಮಕ್ಕಳೇ ಹುಟ್ಟದಂತಾದ ಮೇಲೆ ಶಿಶುವಿಹಾರದ ಒಡತಿ ಯೂ ಮೇಡಂ ಅದೇ ಕಟ್ಟಡ, ಅದೇ ವ್ಯಾನು, ಅದೇ ಅಡುಗೆಮನೆ ಇಟ್ಟುಕೊಂಡು ಮುದುಕರ ಆರೈಕೆ ಶುರು ಮಾಡಿದರು. ಬೋರ್ಡು ಬದಲಿಸಲು ದುಡ್ಡು ದಂಡ ಎಂದು ಹೆಸರನ್ನು ಹಾಗೇ ಬಿಟ್ಟರು. ತೊಂಬತ್ತು ದಾಟಿದ ಮೇಲೆ ಮೊಳಕೆ ಒಡೆಯೋ ಯೋಗ ನಮಗೇ ಬಂತಲ್ಲ ಎಂದು ಅಜ್ಜಿಯರು ಮೊದಮೊದಲು ಬಿದ್ದುಬಿದ್ದು ನಗುತ್ತಿದ್ದರು. ಈಗ ಯಾರೂ ಆ ಮಾತು ಎತ್ತುವುದಿಲ್ಲ.

ಮಾಲ್ಸುನ್ ಕೆಲಸವೂ ಬದಲಾಗಿಲ್ಲ. ಮನೆಮನೆಗೆ ಹೋಗಿ ಕೈಹಿಡಿದು ಹತ್ತಿಸಿಕೊಳ್ಳುವುದು, ಬೆಲ್ಟು ಬಿಗಿಯುವುದು, ಸಂಜೆ ತಂದು ಇಳಿಸುವುದು. ಮೂವತ್ತು ವರ್ಷದಿಂದ ಇದೇ. ಈ ಕೆಲಸಕ್ಕೊಂದು ಕಟ್ಟಳೆಯಿದೆ. ಇಳಿಸಿದವರನ್ನು ಮನೆಯವರ ಕೈಗೇ ಒಪ್ಪಿಸಬೇಕು, ಗೇಟಿನಲ್ಲಿ ಯಾರೂ ಇಲ್ಲದಿದ್ದರೆ ವಾಪಸ್ ಕರೆತರಬೇಕು. ಮಕ್ಕಳ ಕಾಲದಲ್ಲಿ ಮಾಡಿದ ಈ ಕಟ್ಟಳೆಯನ್ನು ಮರೆವಿನ ಕಾಯಿಲೆಯ ಹಿರಿಯರಿಗೂ ಹಾಗೇ ಉಳಿಸಿಕೊಂಡಿದ್ದಾರೆ. ಆ ಕಾಲದಲ್ಲಿ ಪ್ರತಿ ಗೇಟಿನಲ್ಲೂ ಒಬ್ಬ ಅಜ್ಜಿ ನಿಂತಿರುತ್ತಿದ್ದರು.

ಇವತ್ತು ಬಾಮ್ಗೊಲ್ ಅಜ್ಜಿಗೆ ಕೊಟ್ಟ ಗಡುವಿನ ಕೊನೆಯ ದಿನ. ಸಂಜೆಯೊಳಗೆ ಅವರ ಗೇಟಿನಲ್ಲಿ ನಿಲ್ಲಲು ಒಬ್ಬರು ಸಿಗದಿದ್ದರೆ ಹಗಲು ಮನೆಯ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಉಳಿಯುವುದು ಸೇತುವೆಯಾಚೆಯ ಆರೈಕೆ ಆಸ್ಪತ್ರೆ. ಅಲ್ಲಿಗೆ ಹೋದವರು ತಿರುಗಿ ಮನೆಗೆ ಬಂದದ್ದನ್ನು ಈ ಊರಲ್ಲಿ ಯಾರೂ ನೋಡಿಲ್ಲ. ಒಂದು ವಾರದಿಂದ ಮಾಲ್ಸುನ್ ಆ ಒಬ್ಬರಿಗಾಗಿ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ್ದಾರೆ. ಈಗ ಉಳಿದಿರುವುದು ಒಂದೇ ಆಸೆ. ಅಜ್ಜಿಯ ಮನೆಯಿಂದ ಕೆಳಗಿನ ಓಣಿಯಲ್ಲಿರುವ ಹುವೆ. ವಿಯೆಟ್ನಾಂನಿಂದ ಮದುವೆಯಾಗಿ ಬಂದ ಹುಡುಗಿ. ಡಬ್ಬಿ ಊಟ ಕಟ್ಟುವ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಸಂಜೆ ಸ್ವಲ್ಪ ಮುಂಚೆ ಬಿಡುತ್ತಾರಾ ಎಂದು ಯಜಮಾನರನ್ನು ಕೇಳಿ ಮಧ್ಯಾಹ್ನ ಹೇಳುತ್ತೇನೆ ಎಂದಿದ್ದಾಳೆ.

ವ್ಯಾನು ಹೊರಡುತ್ತದೆ. ಬಾಂಗ್ ಹಳೇ ಹಾಡೊಂದನ್ನು ಜೋರಾಗಿ ಹಾಕುತ್ತಾರೆ. ಹಿಂದೆ ಇದೇ ಸ್ಪೀಕರಿನಲ್ಲಿ ಕರಡಿಮರಿ ಹಾಡು ಬರುತ್ತಿತ್ತು.

ದಾರಿಯುದ್ದಕ್ಕೂ ಮಾಲ್ಸುನ್ ಕಿಟಕಿಯಾಚೆ ಬೊಟ್ಟು ಮಾಡುತ್ತ ಊರಿನ ಲೆಕ್ಕ ಒಪ್ಪಿಸುತ್ತಾರೆ. ಮಕ್ಕಳ ಮೊದಲ ಹುಟ್ಟುಹಬ್ಬದ ಫೋಟೋ ತೆಗೆಯುತ್ತಿದ್ದ ಸ್ಟುಡಿಯೋ ಈಗ ಸಾವಿನ ಮನೆಯಲ್ಲಿ ಇಡುವ ಫೋಟೋ ತೆಗೆಯುತ್ತದೆ. ಪರದೆಯ ಬಣ್ಣ ಕೂಡ ಬದಲಾಗಿಲ್ಲ. ಮದುವೆ ಛತ್ರ ಶವಸಂಸ್ಕಾರದ ಛತ್ರವಾಗಿದೆ, ಅಡುಗೆಯವರು ಅವರೇ, ಸಾರು ಮಾತ್ರ ಬೇರೆ. ರಸ್ತೆ ಬದಿ ಮುದುಕಿಯೊಬ್ಬರು ಮಗುವಿನ ತಳ್ಳುಗಾಡಿಯನ್ನು ಊರುಗೋಲಿನಂತೆ ಹಿಡಿದು ನಡೆಯುತ್ತಿದ್ದಾರೆ. ಒಳಗೆ ಒಂದು ಮೂಲಂಗಿ ಇದೆ. ಪಟ್ಟಣದಲ್ಲಿ ಅಂಥ ಗಾಡಿಯಲ್ಲಿ ನಾಯಿಮರಿ ಕೂರಿಸುತ್ತಾರಂತೆ, ನಮ್ಮೂರು ಎಷ್ಟೋ ವಾಸಿ, ಮೂಲಂಗಿಯನ್ನಾದರೂ ಸಾರು ಮಾಡಬಹುದು ಎಂದು ಮಾಲ್ಸುನ್ ನಗುತ್ತಾರೆ.

"ಅಂಗಡೀಲಿ ಮಕ್ಕಳ ನ್ಯಾಪಿ ಇಡ್ತಿದ್ದ ಶೆಲ್ಫಲ್ಲೇ ಈಗ ದೊಡ್ಡೋರ ನ್ಯಾಪಿ ಇಟ್ಟಿದಾರೆ" ಎನ್ನುತ್ತಾರೆ. "ಮಕ್ಕಳು ನ್ಯಾಪಿ ಬಿಟ್ಟ ದಿನ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ವು. ಇವರು ಹಾಕ್ಕೊಂಡ ದಿನ ಸೊಸೇಗೂ ಗೊತ್ತಾಗೋದು ಬೇಡ ಅಂತ ನನ್ನ ಕೈ ಹಿಡ್ಕೊಂಡು ಅಳ್ತಾರೆ. ನನಗೆ ಎರಡೂ ಒಂದೇ ಕೆಲಸ. ಆದ್ರೆ ಆಗ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ತಿದ್ದೆ."

ಬಾಮ್ಗೊಲ್ ಬೆಟ್ಟದ ಸಂದಿಯಲ್ಲಿರುವ ಹಳ್ಳಿ. ಅಜ್ಜಿಗೂ ಅದೇ ಹೆಸರು. ಇಲ್ಲಿ ಯಾರೂ ಮುದುಕಿಯರನ್ನು ಹುಟ್ಟು ಹೆಸರಿನಿಂದ ಕರೆಯುವುದಿಲ್ಲ. ಮೊಮ್ಮಗ ಸಂಗು ಅಜ್ಜಿಯನ್ನು ಗೇಟಿನತನಕ ನಡೆಸಿಕೊಂಡು ಬಂದಿದ್ದಾನೆ. ಈಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದ ಮುಖ, ಕಣ್ಣು ಕೆಂಪಗಿದೆ.

ಈ ಸಂಗುವನ್ನು ಮೂರು ವರ್ಷದ ಮಗುವಾಗಿದ್ದಾಗಿನಿಂದ ಮಾಲ್ಸುನ್ ಬಲ್ಲರು. ತಾಯಿ ಬಿಟ್ಟುಹೋಗಿ, ತಂದೆ ಕಟ್ಟಡದ ಕೆಲಸದಲ್ಲಿ ಸತ್ತ ಮೇಲೆ ಅಜ್ಜಿಯೇ ಅವನನ್ನು ಸಾಕಿದ್ದು. ಪ್ರತಿದಿನ ಸಂಜೆ ಈ ಗೇಟಿನಲ್ಲಿ ಅಜ್ಜಿ, ಬೇಯಿಸಿದ ಗೆಣಸನ್ನು ಸೊಂಟಕ್ಕೆ ಕಟ್ಟಿಕೊಂಡ ಏಪ್ರನ್ನಿನಲ್ಲಿ ಸುತ್ತಿ ಹಿಡಿದು ಕಾಯುತ್ತಿದ್ದರು. ಒಂದು ಗೆಣಸು ಮೊಮ್ಮಗನಿಗೆ, ಒಂದು ಮಾಲ್ಸುನ್‌ಗೆ. ಸಂಗು ವ್ಯಾನಿನಲ್ಲೇ ನಿದ್ದೆಹೋಗುವ ಹುಡುಗ. ಅಜ್ಜಿ ಒಂದು ದಿನವೂ ತಡಮಾಡಿದವರಲ್ಲ.

ಓರಗೆಯವರೆಲ್ಲ ಸಿಯೋಲ್, ಬುಸಾನ್ ಎಂದು ಹೋದರೂ ಸಂಗು ಹೋಗಲಿಲ್ಲ. ಅಜ್ಜಿಗೆ ಮರೆವು ಶುರುವಾದ ಮೇಲಂತೂ ಆ ಮಾತೇ ಬರಲಿಲ್ಲ. ಪಕ್ಕದ ಊರಿನ ಪಾರ್ಸೆಲ್ ಗೋದಾಮಿನಲ್ಲಿ ಅವನಿಗೆ ಕೆಲಸ. ಊರಿನ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಉಪ್ಪಿನಿಂದ ಹಿಡಿದು ಹೆಣದ ಬಟ್ಟೆಯವರೆಗೆ ಎಲ್ಲ ಬರುವುದು ಆ ಗೋದಾಮಿನಿಂದಲೇ. ಸಂಜೆ ವ್ಯಾನು ಬರುವ ಮುಂಚೆಯೇ ಅವನು ಹೊರಡಬೇಕು. ಹಗಲು ಪಾಳಿ ಕೇಳಿದ. ಹಗಲಲ್ಲಿ ಮಷೀನುಗಳೇ ಎಲ್ಲ ಮಾಡುತ್ತವೆ, ನಿನಗೆ ಬೇಡವಾದರೆ ಬಿಡು, ಬೇರೆಯವರು ಕಾದಿದ್ದಾರೆ ಎಂದರಂತೆ.

ಹಾಗಾಗಿ ಚಳಿಗಾಲಕ್ಕೆ ಮುಂಚೆ ಒಂದು ಸಂಜೆ ವ್ಯಾನು ಬಂದಾಗ ಗೇಟು ಖಾಲಿ ಇತ್ತು. ಕಟ್ಟಳೆಯ ಪ್ರಕಾರ ಅಜ್ಜಿಯನ್ನು ವಾಪಸ್ ಒಯ್ಯಬೇಕಿತ್ತು. ಮಾಲ್ಸುನ್ ಒಯ್ಯಲಿಲ್ಲ. ಒಳಗೆ ಕರೆದೊಯ್ದು, ಅಡಿಯಿಂದ ಕಾಯಿಸುವ ನೆಲ ಬೆಚ್ಚಗಿದೆಯೇ ನೋಡಿ, ಊಟ ಮುಂದಿಟ್ಟು ಬಂದರು. ಬಾಂಗ್ ಬಾಯಿ ಬಿಡಲಿಲ್ಲ. ಮೇಡಂ ಕೇಳಿದಾಗ ಮೊಮ್ಮಗ ಇದ್ದ ಎಂದರು ಮಾಲ್ಸುನ್. ಮಾರನೆಯ ದಿನವೂ ಹಾಗೇ ಹೇಳಿದರು. ಆಮೇಲೆ ಮೇಡಂ ಕೇಳುವುದನ್ನೇ ಬಿಟ್ಟರು.

ಹೀಗೇ ನಡೆಯುತ್ತಿದ್ದಾಗ ಒಂದು ದಿನ ವ್ಯಾನು ತಿರುವಿನಲ್ಲಿ ಹೋಗುವಾಗ ಮಾಲ್ಸುನ್ ಹಿಂದಿನ ಗಾಜಿನಿಂದ ನೋಡಿದರು. ಒಳಗೆ ಬಿಟ್ಟು ಬಂದಿದ್ದ ಅಜ್ಜಿ ಗೇಟಿಗೆ ಬಂದು ನಿಂತಿದ್ದರು. ಗಾಡಿ ನಿಲ್ಲಿಸಿ ಓಡಿಬಂದು ಯಾಕಜ್ಜಿ ಎಂದು ಕೇಳಿದರೆ, ಹುಡುಗನ ವ್ಯಾನು ಬರೋ ಹೊತ್ತಾಯಿತು ಎಂದರು. ತಮ್ಮನ್ನು ಇಳಿಸಿಹೋದ ವ್ಯಾನಿಗೇ ಅವರು ಕಾಯುತ್ತಿದ್ದರು. ಅವತ್ತು ಹೇಗೋ ಪುಸಲಾಯಿಸಿ ಮಲಗಿಸಿ ಬಂದದ್ದಾಯಿತು. ದಿನವೂ ಹಾಗೆ ಮಾಡಲಾಗದು, ವ್ಯಾನಿನಲ್ಲಿ ಇನ್ನೂ ಏಳೆಂಟು ಜನ ಕೂತಿರುತ್ತಾರೆ, ಅವರ ಗೇಟುಗಳಲ್ಲಿ ಯಾರೋ ಕಾಯುತ್ತಿರುತ್ತಾರೆ.

ಕಳೆದ ತಿಂಗಳು ಕೆರೆ ಹೆಪ್ಪುಗಟ್ಟಿದ ರಾತ್ರಿ ಅಜ್ಜಿ ಗೇಟಿನಲ್ಲೇ ನಿಂತುಬಿಟ್ಟರು. ಹುವೆ ಕೆಲಸ ಮುಗಿಸಿ ಬರುವಾಗ ನೋಡಿ ಒಳಗೆ ಹೊತ್ತುಕೊಂಡು ಹೋದಳು. ಜೀವ ಉಳಿಯಿತು, ಚಳಿಗೆ ಸತ್ತ ಎರಡು ಕೈಬೆರಳು ಉಳಿಯಲಿಲ್ಲ. ಮಾಲ್ಸುನ್ ಹೇಳಿದ್ದ ಸುಳ್ಳು ಬಯಲಾಯಿತು.

ಯೂ ಮೇಡಂ ಬೈಯಲಿಲ್ಲ. ಅದೇ ಹೆಚ್ಚು ಹಿಂಸೆ ಎನ್ನುತ್ತಾರೆ ಮಾಲ್ಸುನ್. ಇನ್ನೊಂದು ಸಲ ಹೀಗಾದರೆ ಪರವಾನಗಿ ಹೋಗುತ್ತದೆ, ಉಳಿದವರೆಲ್ಲ ಎಲ್ಲಿಗೆ ಹೋಗಬೇಕು ಎಂದು ಮೇಡಂ ಕೇಳಿದರು. ಗಾಯ ಮಾಯ್ದು ಅಜ್ಜಿ ಮನೆಗೆ ಬಂದ ಮೇಲೆ ಒಂದು ವಾರದ ಗಡುವು ಕೊಟ್ಟರು, ಆ ಒಂದು ವಾರ ಮಾತ್ರ ಸಂಗುವನ್ನು ತಡವಾಗಿ ಬರಲು ಗೋದಾಮಿನವರು ಬಿಟ್ಟಿದ್ದಾರೆ. ಮೇಡಂ ಕೆಟ್ಟವರಲ್ಲ. ಕೆಟ್ಟವರು ಯಾರಾದರೂ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ" ಎನ್ನುತ್ತಾರೆ. "ಆ ಕೈಗೆ ಗ್ಲೌಸು ಹಾಕುವಾಗ ಮಾತ್ರ ಕಣ್ಣು ಬೇರೆ ಕಡೆ ತಿರುಗಿಸ್ತೀನಿ. ಇಷ್ಟು ವರ್ಷದಲ್ಲಿ ಒಂದು ಮಗೂಗೂ ಗಾಯ ಆಗೋಕೆ ಬಿಟ್ಟೋಳಲ್ಲ ನಾನು."

ಬಾಮ್ಗೊಲ್‌ನಲ್ಲಿ ಬಾಗಿಲು ತೆರೆದಿರುವ ಮನೆಗಳೇ ಬೆರಳೆಣಿಕೆ. ಮಾಲ್ಸುನ್ ಎಲ್ಲ ಮನೆಗೂ ಹೋದರು. ಒಬ್ಬ ತಾತ ಎದೆ ತಟ್ಟಿಕೊಂಡು ನಾನು ನಿಲ್ಲುತ್ತೇನೆ ಎಂದು ಮುಂದೆ ಬಂದರು. ಅವರೂ ಇದೇ ವ್ಯಾನಿನಲ್ಲಿ ಕೂರುವವರು, ಅವರನ್ನು ಇಳಿಸಿಕೊಳ್ಳಲೇ ಒಬ್ಬರು ಬೇಕು. ಹಳ್ಳಿಯ ಮುಖಂಡರಿಗೆ ಎಂಬತ್ತಮೂರು, ಮಂಡಿ ಆಪರೇಷನ್ ಆಗಿ ಮಲಗಿದ್ದಾರೆ. ಪಟ್ಟಣದಿಂದ ಬಂದು ಹಳೇ ಮನೆ ಕೊಂಡು ಕಾಫಿ ಅಂಗಡಿ ತೆರೆದ ಗಂಡಹೆಂಡತಿ ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ಕೊಟ್ಟರು. ಹೊಣೆ ಹೊರುವುದು ಕಷ್ಟ ಎಂದು ಕಣ್ಣು ತಪ್ಪಿಸಿದರು. ಮಾಲ್ಸುನ್ ತಾವೇ ಕೊನೆಯ ಬಸ್ಸಿಗೆ ಬಂದು ಅಜ್ಜಿಯ ಜೊತೆ ಮಲಗುವ ಯೋಚನೆ ಮಾಡಿದರು. ಪ್ರಯಾಣಿಕರಿಲ್ಲವೆಂದು ಹೊಸ ವರ್ಷದಿಂದ ಆ ಬಸ್ಸು ನಿಂತಿದೆ.

"ಗೇಟಲ್ಲಿ ನಿಲ್ಲೋರು ಎಲ್ಲಿಂದ ಬರ್ತಾರೆ? ನಿಲ್ಲಬೇಕಾದೋರೆಲ್ಲ ನನ್ನ ವ್ಯಾನಲ್ಲೇ ಕೂತಿದಾರಲ್ಲ."

ಮಧ್ಯಾಹ್ನ ಹಗಲು ಮನೆಯಲ್ಲಿ ಊಟ ನಡೆಯುತ್ತಿದೆ. ಒಳಗೆ ಪುಟ್ಟ ಪುಟ್ಟ ಕೈತೊಳೆಯುವ ತೊಟ್ಟಿಗಳು ಹಾಗೇ ಇವೆ. ಮುದುಕರು ಸೊಂಟ ಬಗ್ಗಿಸಿ ಕೈ ತೊಳೆಯುತ್ತಾರೆ. ಮಾಲ್ಸುನ್ ಬಾಮ್ಗೊಲ್ ಅಜ್ಜಿಯ ಅನ್ನವನ್ನು ಕಡಲಪಾಚಿಯ ಸಾರಿನಲ್ಲಿ ಹಿಸುಕುತ್ತಿರುವಾಗ ಫೋನು ಬರುತ್ತದೆ. ಹೂಂ, ಹೂಂ ಎನ್ನುತ್ತಾರೆ. ಅಳಬೇಡ ಎಂದು ಎರಡು ಸಲ ಹೇಳಿ ಫೋನು ಇಡುತ್ತಾರೆ. ಹುವೆಯನ್ನು ಬಿಡುವುದಿಲ್ಲವಂತೆ. ಹಬ್ಬ ಹತ್ತಿರ ಬಂತು, ಆರ್ಡರು ಜಾಸ್ತಿಯಾಗಿದೆ.

"ಸಿಯೋಲಲ್ಲಿ ಒಬ್ಬೊಬ್ಬರೇ ಕೂತು ಉಣ್ಣೋರು ಜಾಸ್ತಿ ಆದ್ರಂತೆ" ಎನ್ನುತ್ತಾರೆ ಬಾಂಗ್ ಕಡೆ ತಿರುಗಿ. "ಅವರಿಗೆ ಡಬ್ಬಿ ಕಟ್ಟಬೇಕಂತೆ."

ಬಾಂಗ್ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನದೆ ಏಳುತ್ತಾರೆ. ಅಜ್ಜಿ ಬಾಯಿ ತೆರೆದುಕೊಂಡು ಇನ್ನೊಂದು ತುತ್ತಿಗೆ ಕಾಯುತ್ತಿದ್ದಾರೆ. ಮಾಲ್ಸುನ್ ಕೊನೆಯ ತುತ್ತಿನತನಕ ತಿನ್ನಿಸಿ ಬಾಯಿ ಒರೆಸುತ್ತಾರೆ.

ಸಂಜೆ ಎಲ್ಲರನ್ನೂ ಇಳಿಸಿದ ಮೇಲೆ ವ್ಯಾನಿನಲ್ಲಿ ಉಳಿಯುವುದು ಬಾಮ್ಗೊಲ್ ಅಜ್ಜಿಯೊಬ್ಬರೇ. ಬೆಟ್ಟದ ಕಡೆ ತಿರುಗಬೇಕಾದಲ್ಲಿ ಬಾಂಗ್ ನೇರವಾಗಿ ಸೇತುವೆಯತ್ತ ಓಡಿಸುತ್ತಾರೆ. ಸಂಗುವಿನ ಬಳಿ ಇರುವುದು ಒಂದು ಸ್ಕೂಟರು, ಅದರಲ್ಲಿ ಅಜ್ಜಿಯನ್ನು ಕರೆದೊಯ್ಯಲಾಗದು. ಹಾಗಾಗಿ ವ್ಯಾನಿನಲ್ಲೇ ಬಿಟ್ಟುಬನ್ನಿ ಎಂದು ಯೂ ಮೇಡಂ ಹೇಳಿದ್ದಾರೆ. ಹೇಳಿ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಿಮಗೇನಾದರೂ ಆಸೆ ಇದೆಯೇ ಎಂದು ಇಂಥ ಹೊತ್ತಿನಲ್ಲಿ ಯಾರನ್ನೂ ಕೇಳಬಾರದು. ಆದರೂ ಮಾಲ್ಸುನ್ ತಾವಾಗಿಯೇ ಹೇಳುತ್ತಾರೆ. ದೊಡ್ಡ ಆಸೆಯೇನೂ ಇಲ್ಲವಂತೆ. ಇನ್ನೆರಡು ವರ್ಷಕ್ಕೆ ಕೆಲಸ ಬಿಡುವ ಮುಂಚೆ ಒಮ್ಮೆ, ಒಂದೇ ಒಂದು ದಿನ, ಯಾವುದಾದರೂ ಮಗುವಿಗೆ ಬೆಲ್ಟು ಕಟ್ಟಬೇಕಂತೆ. ಹೇಳಿ ತಮಗೇ ನಾಚಿಕೆಯಾದಂತೆ ಕಿಟಕಿಯ ಗಾಜು ಒರೆಸುತ್ತಾರೆ.

ಆಸ್ಪತ್ರೆಯ ಬಾಗಿಲಲ್ಲಿ ಸಂಗು ನಿಂತಿದ್ದಾನೆ. ಇವತ್ತೊಂದು ದಿನ ರಜೆ ಸಿಕ್ಕಿದೆ. ಒಗೆದ ಜಾಕೆಟ್ ಹಾಕಿಕೊಂಡು, ಅಜ್ಜಿಯ ಚಪ್ಪಲಿ, ಹಲ್ಲಿನ ಸೆಟ್ಟು ಇರುವ ಚೀಲ ಹಿಡಿದು ಕಾಯುತ್ತಿದ್ದಾನೆ. ಕಟ್ಟಳೆಯ ಪ್ರಕಾರ ಕೈಯಿಂದ ಕೈಗೆ ಒಪ್ಪಿಸಲು ಮನೆಯವರು ಬಂದಿದ್ದಾರೆ.

ಮಾಲ್ಸುನ್ ಅಜ್ಜಿಯನ್ನು ಮೆಲ್ಲಗೆ ಇಳಿಸಿ ಅವರ ಕೈಯನ್ನು ಸಂಗುವಿನ ಕೈಗೆ ಕೊಡಲು ಹೋಗುತ್ತಾರೆ. ಅಜ್ಜಿ ಕೈ ಬಿಡುವುದಿಲ್ಲ. ಎದುರಿಗಿದ್ದ ಸಂಗುವಿಗೆ, ಗುರುತಿಲ್ಲದವರಿಗೆ ಮಾಡುವಂತೆ, ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. ಆಮೇಲೆ ಮಾಲ್ಸುನ್ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟುತ್ತಾರೆ.

"ನಮ್ಮ ಹುಡುಗ ಹಿಂದಿನ ಸೀಟಲ್ಲಿ ಮಲಗಿದಾನಾ?"

"ಮಲಗಿದಾನೆ ಅಜ್ಜಿ."

"ಎಬ್ಬಿಸಬೇಡ. ಈ ಡಾಕ್ಟ್ರು ಕರೀತಿದಾರೆ, ನಾನು ಇವರಿಗೆ ಕೈ ತೋರಿಸಿ ಬಂದುಬಿಡ್ತೀನಿ. ಅಲ್ಲೀತನಕ ಯಾರು ಬಂದು ಕೇಳಿದ್ರೂ ಅವನನ್ನ ಕೊಡಬೇಡ."

ಸಂಗು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಳ್ಳುತ್ತಾನೆ. ಮಾಲ್ಸುನ್ ಅವನ ಮುಖ ನೋಡುವುದಿಲ್ಲ.

"ಕೊಡಲ್ಲ ಅಜ್ಜಿ" ಎನ್ನುತ್ತಾರೆ. "ನೀವು ಹೋಗಿ ಬನ್ನಿ."

ಅಜ್ಜಿ ಆಗ ಕೈ ಬಿಡುತ್ತಾರೆ.