ಹೆಂಡತಿಯ ಬ್ಲಾಗಿಗೆ ನಾನು ಎಳೆದ ಕೆಂಪು ಗೆರೆಗಳು

ನನ್ನ ಹೆಂಡತಿ ಇಪ್ಪತ್ತೆರಡು ವರ್ಷದಿಂದ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹಾಸಿಗೆ ಬಟ್ಟೆಗಳಿಗೆ ತೇಪೆ ಹಾಕುತ್ತಾಳೆ. ಕೋಣೆ ನೆಲಮಾಳಿಗೆಯಲ್ಲಿದೆ. ಎರಡು ಹೊಲಿಗೆ ಯಂತ್ರ, ಒಂದು ಉದ್ದ ಮೇಜು, ಒಗೆದ ಬಟ್ಟೆ ತುಂಬಿ ಬರುವ ತಳ್ಳುಗಾಡಿ, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ಬಟ್ಟೆಯನ್ನು ಬೆಳಕಿಗೆ ಹಿಡಿದು, ತೆಳ್ಳಗಾದ ಜಾಗ ಹುಡುಕಿ, ಹರಿಯುವ ಮೊದಲೇ ತೇಪೆ ಹಾಕುವುದು ಅವಳ ಪದ್ಧತಿ. ನಾನು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು. ವಾರ್ಷಿಕ ವರದಿ, ಪ್ರಶ್ನೆಪತ್ರಿಕೆ, ಔಷಧಿಯ ಡಬ್ಬದೊಳಗೆ ಮಡಿಸಿಡುವ ಚೀಟಿ, ಎಲ್ಲವೂ ನನ್ನ ಕೆಂಪು ಪೆನ್ನನ್ನು ದಾಟಿಯೇ ಹೊರಗೆ ಹೋಗಬೇಕು. ಸೂಜಿ ಅವಳ ಪಾಲಿಗೆ, ಅಕ್ಷರ ನನ್ನ ಪಾಲಿಗೆ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನಂತೂ ಹಾಗೇ ತಿಳಿದುಕೊಂಡಿದ್ದೆ.

ಮಗಳು ಹುಟ್ಟಿದಾಗ ಅರ್ಧಕ್ಕೆ ಬಿಟ್ಟ ಪದವಿಯನ್ನು ಮುಗಿಸುತ್ತೇನೆಂದು ಅವಳು ನಲವತ್ತಾರನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯ ಸೇರಿದಳು. ಅರ್ಜಿ ತುಂಬಿಕೊಟ್ಟವಳು ಅದೇ ಮಗಳು. ಸಂಜೆ ತರಗತಿ, ಸಮಾಜಶಾಸ್ತ್ರ. ನಾನು ಅಡ್ಡ ಬರಲಿಲ್ಲ. ನೆಂಟರಿಷ್ಟರ ನಡುವೆ ಒಳ್ಳೆಯ ಗಂಡ ಎಂಬ ಹೆಸರೂ ಬಂತು, ಅದನ್ನೇನೂ ನಾನು ಬೇಡ ಅನ್ನಲಿಲ್ಲ. ಮೊದಲ ವರ್ಷ ಅವಳು ಟಿಪ್ಪಣಿ ಹಿಡಿದುಕೊಂಡು ಅದೂ ಇದೂ ಕೇಳುತ್ತಿದ್ದಳು. ನಾನು ಹೇಳಿಕೊಡುತ್ತಿದ್ದೆ. ಸುಖವಾಗಿತ್ತು.

ಎರಡನೇ ವರ್ಷ ಅಧ್ಯಾಪಕಿ ಹೊಸ ಕ್ರಮ ತಂದರು. ಕೆಲಸ ಮಾಡಿಕೊಂಡು ಓದುವವರು ಪರೀಕ್ಷೆಯ ಬದಲು ತಮ್ಮ ಕೆಲಸದ ಬಗ್ಗೆ ವಾರಕ್ಕೊಂದು ಬ್ಲಾಗ್ ಬರಹ ಹಾಕಬೇಕು, ಪಾಸೋ ಫೇಲೋ ಅದರ ಮೇಲೇ. ಅವಳು ಹಾಳೆಯ ಮೇಲೆ ಬರೆದಳು, ಮಗಳು ಟೈಪ್ ಮಾಡಿ 'ಹೊಲಿಗೆ ಕೋಣೆ' ಎಂಬ ಬ್ಲಾಗು ತೆರೆದಳು. ಹೀಗೆ ಎರಡು ಬರಹ ಹೋದವು. ನಾನು ಓದಲಿಲ್ಲ. ಹಾಸಿಗೆ ಬಟ್ಟೆಯ ಬಗ್ಗೆ ಓದುವುದೇನಿದೆ ಅಂದುಕೊಂಡೆ.

ಮೂರನೇ ವಾರ ಅಚ್ಚುಯಂತ್ರ ನಡೆಸುವವನು ಊಟದ ಹೊತ್ತಿಗೆ ಫೋನು ಹಿಡಿದು ನನ್ನ ಮೇಜಿಗೆ ಬಂದ. ಆಟದ ಸ್ಕೋರು ಬಿಟ್ಟು ಅವನು ಬೇರೇನನ್ನೂ ಓದಿದ್ದು ನಾನು ಕಂಡಿಲ್ಲ.

"ಸರ್, ಇದು ಅತ್ತಿಗೆ ಬರೆದಿದ್ದಾ? ನಮ್ಮಮ್ಮ ಆಸ್ಪತ್ರೇಲಿದ್ದಾಗ ನಾನೂ ಹೀಗೇ ಕೂತಿದ್ದೆ. ಮೂರು ಸಲ ಓದಿದೆ."

ನಾನು ಓದಿದೆ. "ರೋಗಿಯ ಹಿಮ್ಮಡಿ ತಾಗುವ ಕಡೆ ಬಟ್ಟೆ ಸವೆಯುತ್ತದೆ. ಪಕ್ಕದ ಕುರ್ಚಿಯಲ್ಲಿ ಕೂತವರು ಹಿಡಿದುಕೊಳ್ಳುವ ಅಂಚು ಅದಕ್ಕಿಂತ ಬೇಗ ಹರಿಯುತ್ತದೆ." ಕೆಳಗೆ ನಲವತ್ತು ಜನ ಪ್ರತಿಕ್ರಿಯೆ ಬರೆದಿದ್ದರು. ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ ಊರವರ ವಾಕ್ಯಗಳನ್ನೆಲ್ಲ ತಿದ್ದಿದವನು ನಾನು. ನನ್ನದೆಂದು ಹೇಳಿಕೊಳ್ಳಲು ಒಂದು ಸಾಲಿಲ್ಲ. ಕಪಾಟಿನಲ್ಲಿ ಒಂದು ದಪ್ಪ ನೋಟುಪುಸ್ತಕವಿದೆ, ಮೊದಲ ಪುಟದಲ್ಲಿ ನನ್ನ ಹೆಸರಿದೆ, ಮುಂದೆಲ್ಲ ಖಾಲಿ. ಇವಳು ತರಕಾರಿ ಹೆಚ್ಚುತ್ತಾ ನಡುನಡುವೆ ಕೈ ಒರೆಸಿಕೊಂಡು ಬರೆದ ಸಾಲಿದು.

ಆ ವಾರವೇ ಮಗಳು ತರಬೇತಿಗೆಂದು ಬೇರೆ ಊರಿಗೆ ಹೋದಳು.

"ರೀ, ಇನ್ಮೇಲೆ ನೀವೇ ಟೈಪ್ ಮಾಡಿ ಹಾಕ್ತೀರಾ? ತಪ್ಪಿದ್ರೆ ತಿದ್ದಿ. ನಿಮಗೆ ಗೊತ್ತಾಗತ್ತೆ," ಎಂದು ಇವಳು ಹಾಳೆ ಕೊಟ್ಟಳು.

ನಮ್ಮ ಅಚ್ಚಿನ ಮನೆಯಲ್ಲಿ ಎರಡು ನಿಯಮಗಳಿವೆ. ಒಂದು, ವರದಿಯಲ್ಲಿ 'ನಾನು' ಆಗಲಿ ಅನಿಸಿಕೆಯಾಗಲಿ ಬರಕೂಡದು. ಎರಡು, ತಿದ್ದಿದ ಪ್ರತಿ ಹಾಳೆಗೂ ದಿನಾಂಕ ಬರೆದು, ಸಹಿ ಹಾಕಿ ಕಟ್ಟಿಡಬೇಕು, ನಾಳೆ ಬರೆದವರು ಜಗಳಕ್ಕೆ ಬಂದರೆ ತೋರಿಸಲಿಕ್ಕೆ. ಎರಡನ್ನೂ ನಾನು ಮನೆಯಲ್ಲಿ ಚಾಚೂ ತಪ್ಪದೆ ಪಾಲಿಸಿದೆ. "ಸತ್ತವರ ಬಟ್ಟೆ, ಗುಣವಾಗಿ ಹೋದವರ ಬಟ್ಟೆ ಒಂದೇ ಗಾಡಿಯಲ್ಲಿ ಬರುತ್ತವೆ. ಯಾವುದು ಯಾರದೆಂದು ನಾನು ಕೇಳುವುದಿಲ್ಲ. ಎರಡಕ್ಕೂ ಒಂದೇ ದಾರ." ಕೆಂಪು ಗೆರೆ. "ಮಕ್ಕಳ ವಾರ್ಡಿನ ದಿಂಬಿನ ಮೂಲೆಯಲ್ಲಿ ಹಲ್ಲಿನ ಗುರುತಿರುತ್ತದೆ. ಅಲ್ಲಿಗೆ ಮೆತ್ತಗಿನ ಬಟ್ಟೆ ಹುಡುಕುತ್ತೇನೆ." ಅದಕ್ಕೂ ಗೆರೆ. ಗೆರೆ ಎಳೆಯುವಾಗ ಹಸಿದವನಿಗೆ ಊಟ ಸಿಕ್ಕ ಹಾಗಿತ್ತು.

"ಆ ದಾರದ ಸಾಲು ಬಂದೇ ಇಲ್ವಲ್ಲ?" ಎಂದು ಅವಳು ಒಮ್ಮೆ ಕೇಳಿದಳು.

"ಅದು ಹೊಂದಲ್ಲ. ಅನಿಸಿಕೆ ಅದು."

"ಹೌದಾ. ನನಗೆ ಗೊತ್ತೇ ಆಗ್ಲಿಲ್ಲ ನೋಡಿ," ಎಂದು ಅದನ್ನೂ ತನ್ನ ನೋಟ್ಸಿನಲ್ಲಿ ಬರೆದುಕೊಂಡಳು.

ಪ್ರತಿಕ್ರಿಯೆಗಳು ಹತ್ತಕ್ಕಿಳಿದವು, ಮೂರಕ್ಕಿಳಿದವು, ನಿಂತವು. ನನ್ನ ಹೊಟ್ಟೆ ತಣ್ಣಗಾಯಿತು. ಎಂಟನೇ ವಾರದ ಹಾಳೆ ಕೈಗೆ ಬಂತು. "ಬಟ್ಟೆಗಳನ್ನು ವಾರ್ಡುವಾರು ವಿಂಗಡಿಸಲಾಗುತ್ತದೆ. ಅಗತ್ಯಕ್ಕೆ ತಕ್ಕಂತೆ ದುರಸ್ತಿ ಮಾಡಲಾಗುತ್ತದೆ." ಪೆನ್ನು ಹಿಡಿದು ಕೊನೆಯವರೆಗೆ ಹೋದೆ. ಹೊಡೆದು ಹಾಕಲು ಒಂದು ಸಾಲೂ ಇರಲಿಲ್ಲ. ಮತ್ತೆ ಮೊದಲಿಂದ ಹುಡುಕಿದೆ. ಅವಳು ಕಲಿತುಬಿಟ್ಟಿದ್ದಳು. ಸಹಿ ಹಾಕಿ ಕಟ್ಟಿನೊಳಗೆ ಸೇರಿಸುವಾಗ ಮೊದಲ ಸಲ ಹೆದರಿಕೆಯಾಯಿತು.

ಮರುದಿನ ಅವಳು ತರಗತಿಯಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತಳು.

"ಮೊದಲಿನೆರಡು ಬೇರೆ ಯಾರೋ ಬರೆದ ಹಾಗಿದೆಯಂತೆ. 'ಮನೆಯವರು ಅಚ್ಚಿನ ಮನೇಲಿದ್ದಾರಲ್ವಾ, ಅವರೇ ಬರೆದುಕೊಟ್ರಾ?' ಅಂದ್ರು ಮೇಡಂ. ನಾನೇ ಬರೆದಿದ್ದು ಅಂತ ಶನಿವಾರದೊಳಗೆ ತೋರಿಸ್ಬೇಕಂತೆ. ಇಲ್ಲಾಂದ್ರೆ ಫೇಲು."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಖುಷಿ. ಆ ಸಾಲುಗಳನ್ನು ನಾನು ಬರೆದಿರಬಹುದು ಎಂದು ಓದು ಬಲ್ಲವರೊಬ್ಬರು ನಂಬಿದ್ದರು. ನನ್ನಂಥ ಕೆಟ್ಟ ಮನುಷ್ಯ ಇನ್ನೊಬ್ಬನಿಲ್ಲ ಎಂದು ಗೊತ್ತಿದ್ದೂ ಒಂದು ಗಳಿಗೆ ಹಿಗ್ಗಿದೆ.

"ಮೊದಲಿನ ಹಾಳೆಗಳೆಲ್ಲಿ?"

"ಟೈಪ್ ಆದ್ಮೇಲೆ ಮಗಳು ಎಸೆದ್ಲು. ಹೋಗ್ಲಿ ರೀ, ಓದೇ ಬಿಟ್ಟುಬಿಡ್ತೀನಿ. ಅವೆರಡು ಹೇಗೆ ಬಂದವೋ ನನಗೇ ಗೊತ್ತಿಲ್ಲ. ಈಗ ಬರೆಯೋಕೆ ಕೂತ್ರೆ ಬರೋದೇ ಇಲ್ಲ."

ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಷ್ಟೇ ಶಾಂತವಾಗಿ ಅಂದಳು. ಅತ್ತಿದ್ದರೆ ಸಮಾಧಾನ ಮಾಡಿ ಪಾರಾಗುತ್ತಿದ್ದೆನೋ ಏನೋ.

ಶನಿವಾರ ನಾನೂ ಹೋದೆ. ಕಂಕುಳಲ್ಲಿ ಕಟ್ಟು ಇತ್ತು. ಏನದು ಎಂದು ಅವಳು ಕೇಳಿದ್ದಕ್ಕೆ, ನಿನ್ನ ಹಾಳೆಗಳು ಎಂದಷ್ಟೇ ಹೇಳಿದ್ದೆ. ಅಧ್ಯಾಪಕಿಯ ಕೋಣೆ ಚಿಕ್ಕದು, ಮೂರು ಕುರ್ಚಿ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅವರು ಒಂದೊಂದೇ ಹಾಳೆ ತಿರುವಿದರು. ಹೊಡೆದು ಹಾಕಿದ ಸಾಲುಗಳನ್ನು ಬೆರಳಿಟ್ಟು ಓದಿದರು. ಹಲ್ಲಿನ ಗುರುತಿನ ಸಾಲಿನ ಹತ್ತಿರ ಬೆರಳು ನಿಂತಿತು.

"ಅಕ್ಷರ ನಿಮ್ಮದೇ," ಎಂದು ಅವಳಿಗೆ ಹೇಳಿದರು. "ಹೊಡೆದ ಸಾಲುಗಳ ಧಾಟಿಯೂ ಅದೇ. ಮೊದಲಿನೆರಡೂ ನಿಮ್ಮವೇ, ಅನುಮಾನ ಇಲ್ಲ. ಈ ಗೆರೆ ಯಾರದು?"

"ನನ್ನದು. ಕೆಳಗೆ ಸಹಿ ಇದೆ," ಅಂದೆ.

"ಈ ಸಾಲಲ್ಲಿ ತಪ್ಪೇನಿತ್ತು?"

ವರದಿಯ ನಿಯಮ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ನಂಬುತ್ತಿದ್ದರು. ಪಕ್ಕಕ್ಕೆ ನೋಡಿದೆ. ನನ್ನ ಹೆಂಡತಿ ನೋಟುಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ನಾನು ಹೇಳುವ ತಪ್ಪನ್ನು ಬರೆದುಕೊಳ್ಳಲು ಕಾಯುತ್ತಿದ್ದಳು.

"ತಪ್ಪೇನೂ ಇರ್ಲಿಲ್ಲ," ಅಂದೆ. "ಚೆನ್ನಾಗಿತ್ತು. ನನಗೆ ಹಾಗೆ ಬರೆಯೋಕೆ ಬರಲ್ಲ. ಅದಕ್ಕೇ ಹೊಡೆದೆ."

ಅವಳು ಮುಚ್ಚಳ ಹಾಕಿ ಪುಸ್ತಕ ಮುಚ್ಚಿದಳು. ಬಸ್ಸಿನಲ್ಲಿ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬುಧವಾರ ಸಂಜೆ ಅವಳೇ ಕಂಪ್ಯೂಟರಿನ ಮುಂದೆ ಕೂತಳು. ಎರಡೇ ಬೆರಳು, ಒಂದೊಂದು ಅಕ್ಷರಕ್ಕೂ ಹುಡುಕಾಟ.

"ನಾನು ಟೈಪ್ ಮಾಡ್ಲಾ?"

"ಬೇಡ."

"ತಪ್ಪಿದ್ರೆ?"

"ಇದ್ರೆ ಇರ್ಲಿ ಬಿಡಿ."

ಹಾಳೆಯನ್ನು ನನಗೆ ಕಾಣದ ಹಾಗೆ ಮಗ್ಗುಲಿಗೆ ಸರಿಸಿಕೊಂಡಳು. ಮೊನ್ನೆಯ ಬರಹಕ್ಕೆ ಅರವತ್ತೆರಡು ಪ್ರತಿಕ್ರಿಯೆ ಬಂದಿವೆ, ನನಗೆ ಹೊಟ್ಟೆ ಉರಿದಿದೆ, ಸುಳ್ಳು ಹೇಳಲಾರೆ. ಆದರೆ ಹೆಚ್ಚು ಉರಿಯುವುದು ಬೇರೆಯದಕ್ಕೆ. ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಅವಳ ಸಾಲುಗಳನ್ನು ಓದುತ್ತಿದ್ದವನು ನಾನೊಬ್ಬನೇ. ಈಗ ಅವಳು ಹಾಕಿದ ಮೇಲೆ, ಎಲ್ಲರ ಜೊತೆಗೆ ಓದುತ್ತೇನೆ.