ಡಿಕ್ಕಿ ಬಾಗಿಲಿನ ಎರಡೂವರೆ ಕೇಜಿ

ಏಳು ವರ್ಷಗಳ ಹಿಂದಿನ ಮಾತು. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದ ಡೆಪ್ಯುಟಿ ಮ್ಯಾನೇಜರ್ ಆಗಿದ್ದೆ. ಕಾರಿನ ಡಿಕ್ಕಿ ಬಾಗಿಲನ್ನು ಎತ್ತಿದಾಗ ಅದು ಕೆಳಗೆ ಬೀಳದಂತೆ ಎರಡೂ ಬದಿಯಲ್ಲಿ ಹಿಡಿದು ನಿಲ್ಲಿಸುವ ಕಪ್ಪು ಕೊಳವೆಗಳಿರುತ್ತವಲ್ಲ, ಅವನ್ನು ನಾವು ತಯಾರಿಸುತ್ತಿದ್ದೆವು. ಅವುಗಳ ಹೆಸರು ಗ್ಯಾಸ್ ಸ್ಟ್ರಟ್. ಒಳಗೆ ಒತ್ತಡದಲ್ಲಿ ಗ್ಯಾಸ್ ತುಂಬಿರುತ್ತದೆ. ಚಳಿ ಹೆಚ್ಚಾದರೆ ಆ ಒತ್ತಡ ಇಳಿಯುತ್ತದೆ, ಸ್ಟ್ರಟ್‌ನ ಶಕ್ತಿಯೂ ಸ್ವಲ್ಪ ಕುಗ್ಗುತ್ತದೆ. ಈ ಕಥೆಗೆ ಇಷ್ಟು ವಿಜ್ಞಾನ ಸಾಕು.

ನಮ್ಮ ಸ್ಟ್ರಟ್ ಹೋಗುತ್ತಿದ್ದದ್ದು ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿಗೆ. ಮೊದಲ ವರ್ಷ ಅದು ಬಡವರ ಮನೆಯ ಮದುಮಗಳಂತೆ ಬಂದಿತ್ತು. ಕೈಯಿಂದ ತಿರುಗಿಸುವ ಕಿಟಕಿ, ಒಂದೇ ಬದಿಗೆ ಕನ್ನಡಿ, ಬಣ್ಣ ಕಾಣದ ಬಂಪರ್. ಡಿಕ್ಕಿ ಬಾಗಿಲೆಂದರೆ ತಗಡು, ಗಾಜು, ಬೀಗ, ಅಷ್ಟೇ. ಎರಡನೇ ವರ್ಷ ಹಿಂದಿನ ಗಾಜಿಗೆ ವೈಪರ್ ಬಂತು, ಜೊತೆಗೆ ಅದರ ಮೋಟಾರು. ಮೂರನೇ ವರ್ಷ ಸೆಂಟ್ರಲ್ ಲಾಕ್ ಬಂತು, ನಂಬರ್ ಪ್ಲೇಟಿನ ಮೇಲೆ ಥಳಥಳಿಸುವ ಕ್ರೋಮ್ ಪಟ್ಟಿಯೂ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾವು ಆ ಪಟ್ಟಿಯನ್ನು ನೋಡಿ ನಕ್ಕೆವು. ನಾಲ್ಕನೇ ವರ್ಷ ಕಾರಿನ ಮುಖವೇ ಬದಲಾಯಿತು. ಹಿಂದಿನ ದೀಪಗಳು ಅಗಲವಾಗಿ ಡಿಕ್ಕಿ ಬಾಗಿಲಿನ ಮೇಲಕ್ಕೂ ಹಬ್ಬಿದವು, ಕ್ಯಾಮೆರಾ ಕೂಡ ಸೇರಿತು. ಗ್ರಾಹಕರು ಖುಷಿಪಟ್ಟರು. ಸ್ಟ್ರಟ್ ಮಾತ್ರ ಮೊದಲ ವರ್ಷದ್ದೇ ಉಳಿಯಿತು.

ನಮ್ಮ ಉದ್ಯಮದಲ್ಲಿ ಇದಕ್ಕೆ ಕ್ಯಾರಿ ಓವರ್ ಎನ್ನುತ್ತಾರೆ. ಹಳೆಯ ಭಾಗ ಹಾಗೆಯೇ ಮುಂದುವರಿದರೆ ಅದನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕಿಲ್ಲ. ಬಾಗಿಲಿನ ತೂಕ ಹಿಂದಿನ ವರ್ಷಕ್ಕಿಂತ ಒಂದು ಕೇಜಿಗಿಂತ ಹೆಚ್ಚಾದರೆ ಮಾತ್ರ ಹೊಸ ಪರೀಕ್ಷೆ ಎಂಬುದು ನಮ್ಮಲ್ಲಿದ್ದ ನಿಯಮ. ವೈಪರ್ ಬಂದ ವರ್ಷ ಒಂಬೈನೂರು ಗ್ರಾಂ ಏರಿತು. ಮರುವರ್ಷ ಏಳುನೂರು. ಅದರ ಮುಂದಿನ ವರ್ಷ ಒಂಬೈನೂರ ಐವತ್ತು. ಮೂರು ಸಲವೂ ನಾನೇ 'ಕ್ಯಾರಿ ಓವರ್, ಪರೀಕ್ಷೆ ಅಗತ್ಯವಿಲ್ಲ' ಎಂದು ಸಹಿ ಮಾಡಿದೆ. ಪ್ರತಿ ಸಲವೂ ಹಿಂದಿನ ವರ್ಷದ ಜೊತೆ ಹೋಲಿಸಿದೆ, ಮೊದಲ ವರ್ಷದ ಜೊತೆ ಹೋಲಿಸಲೇ ಇಲ್ಲ. ಹನಿ ಹನಿ ಗೂಡಿದರೆ ಹಳ್ಳ ಎಂಬುದನ್ನು ಶಾಲೆಯಲ್ಲಿ ಉರುಹೊಡೆದಿದ್ದ ಮನುಷ್ಯ ನಾನು.

ಇದನ್ನು ಮೊದಲು ಕಂಡುಹಿಡಿದವಳು ರೇಣುಕಾ. ಬಾದಾಮಿ ಕಡೆಯ ಹೆಂಗಸು, ಕಂಟ್ರಾಕ್ಟ್ ಮೇಲೆ ಪರೀಕ್ಷಕಿಯಾಗಿದ್ದಳು. ಪ್ರತಿ ಸ್ಟ್ರಟ್ ಅನ್ನೂ ಯಂತ್ರಕ್ಕೆ ಸಿಕ್ಕಿಸಿ, ಒತ್ತಿ, ಮೀಟರಿನ ಅಂಕಿಯನ್ನು ಬರೆದು ಸಹಿ ಮಾಡುವುದು ಆಕೆಯ ಕೆಲಸ. ನಾಲ್ಕನೇ ವರ್ಷದ ಹೊಸ ಬಾಗಿಲು ಮಾದರಿಗೆಂದು ಬಂದಾಗ ಅದನ್ನು ಸ್ಟ್ಯಾಂಡಿಗೆ ಜೋಡಿಸಿ ನಾಲ್ಕಾರು ಸಲ ತೆಗೆದು ಹಾಕಿ ನೋಡಿದಳು. ಮರುದಿನ ಶಿಫ್ಟ್ ಶುರುವಾಗುತ್ತಿದ್ದಂತೆ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು.

"ಸರ, ಈ ಬಾಗಲಾ ಭಾಳ ವಜ್ಜಿ ಆಗೇತ್ರಿ. ಮುಂಜಾನೆ ತಂಪಿನ್ಯಾಗ ಮ್ಯಾಲೆ ನಿಂದ್ರವಲ್ದು. ಒಮ್ಮೆ ಬಂದು ನೋಡ್ರಿ."

"ಸ್ಟ್ರಟ್ ಅದೇ ಅಲ್ವೇನಮ್ಮ? ನಾಲ್ಕು ವರ್ಷದಿಂದ ಅದೇ ನಂಬರ್. ನೀನು ಮೀಟರ್ ನೋಡು, ಬಾಗಿಲಿನ ಚಿಂತೆ ಬಿಡು" ಎಂದೆ.

ಸ್ಟ್ಯಾಂಡ್ ಇದ್ದದ್ದು ನನ್ನ ಟೇಬಲ್ಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಎದ್ದು ಹೋಗಲಿಲ್ಲ. ಹಬ್ಬದ ಸೀಸನ್ನಿಗೆ ಕಾರು ಬಿಡುಗಡೆಯಾಗಬೇಕಿತ್ತು. ಮರುಪರೀಕ್ಷೆ ಎಂದರೆ ಆರು ವಾರ ಹಿಡಿಯುತ್ತಿತ್ತು.

ಚಳಿಗಾಲದಲ್ಲಿ ದೂರು ಬಂತು. ಒಬ್ಬ ಗ್ರಾಹಕರು ಬೆಳಗಿನ ಹೊತ್ತು ಡಿಕ್ಕಿಯಿಂದ ಸಾಮಾನು ತೆಗೆಯಲು ಬಗ್ಗಿದಾಗ ಬಾಗಿಲು ತಲೆಯ ಮೇಲೆ ಬಿದ್ದು ಐದು ಹೊಲಿಗೆ ಹಾಕಬೇಕಾಯಿತು. ಕಾರು ಕಂಪನಿ ಎರಡು ದಿನದಲ್ಲಿ ವರದಿ ಕೇಳಿತು. ಇಂಥ ವರದಿಯಲ್ಲಿ 'ಮೂಲ ಕಾರಣ' ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿ ಏನಾದರೂ ತುಂಬದೆ ಕಡತ ಮುಂದೆ ಸರಿಯುವುದಿಲ್ಲ. ಆ ಕಾರಿಗೆ ಹೋಗಿದ್ದ ಸ್ಟ್ರಟ್‌ನ ಪರೀಕ್ಷಾ ಹಾಳೆ ತೆಗೆಸಿದೆ. ಅಂಕಿ ಕೆಳಗಿನ ಮಿತಿಯ ಹತ್ತಿರವಿತ್ತು, ಆದರೆ ಮಿತಿಯ ಒಳಗೇ ಇತ್ತು. ಕೆಳಗೆ ರೇಣುಕಾಳ ಸಹಿ.

ನಮ್ಮ ಪ್ಲಾಂಟ್ ಹೆಡ್ ಹೇಳಿದರು: "ಬರೆದು ಕಳಿಸ್ಬಿಡಿ ಕಣ್ರೀ. ಪರೀಕ್ಷಕರು ನೋಡದೆ ಬಿಟ್ರು, ಟ್ರೈನಿಂಗ್ ಕೊಟ್ವಿ ಅಂತ. ಆಮೇಲೆ ನಿಧಾನಕ್ಕೆ ನೋಡ್ಕೊಳ್ಳೋಣ."

ನಾನು ಬರೆದೆ. ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸಿತಂತೆ. ಆ ಕೋತಿಗೆ ಕ್ವಾಲಿಟಿ ಸರ್ಟಿಫಿಕೇಟ್ ಇರಲಿಲ್ಲ, ನನಗಿತ್ತು. ಆಕೆಯ ತಪ್ಪಲ್ಲ ಎಂಬುದು ಬರೆಯುವಾಗಲೇ ನನಗೆ ತಿಳಿದಿತ್ತು.

ರೇಣುಕಾಳನ್ನು ಕರೆಸಿ, ಒಂದು ಪೀಸ್ ನಿನ್ನ ಕಣ್ಣು ತಪ್ಪಿ ಹೋಗಿದೆ, ಅದರಿಂದ ಒಬ್ಬರಿಗೆ ಪೆಟ್ಟಾಗಿದೆ ಎಂದೆ. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಬಾಗಿಲಿನ ಭಾರದ ಮಾತು ಎತ್ತುತ್ತಾಳೆ ಎಂಬ ಹೆದರಿಕೆಯೂ ಇತ್ತು. ಆಕೆ ಕೇಳಿದ್ದು ಒಂದೇ ಮಾತು.

"ಪೆಟ್ಟ ಆದವ್ರು ಈಗ ಹ್ಯಾಂಗದಾರ್ರಿ ಸರ?"

ಚೆನ್ನಾಗಿದ್ದಾರೆ ಎಂದೆ. ಅದನ್ನು ನಾನು ವಿಚಾರಿಸಿಯೇ ಇರಲಿಲ್ಲ. ವರದಿಯಲ್ಲಿ ಹೆಸರು ಬಂದವರನ್ನು ಕಂಟ್ರಾಕ್ಟರ್ ಇಟ್ಟುಕೊಳ್ಳುವುದಿಲ್ಲ. ಆ ವಾರದ ಕೊನೆಗೆ ಆಕೆಯ ಗೇಟ್ ಪಾಸ್ ರದ್ದಾಯಿತು.

ನಾಲ್ಕು ತಿಂಗಳಲ್ಲಿ ಇನ್ನೆರಡು ದೂರು ಬಂದವು. ಎರಡೂ ಬೇರೆ ಪರೀಕ್ಷಕರು ಸಹಿ ಮಾಡಿದ್ದ ಸ್ಟ್ರಟ್‌ಗಳು. ಆಗ ಸ್ಟೋರಿನ ಮೂಲೆಯಲ್ಲಿದ್ದ ಮೊದಲ ವರ್ಷದ ಬಾಗಿಲನ್ನೂ ನಾಲ್ಕನೇ ವರ್ಷದ ಬಾಗಿಲನ್ನೂ ಹೊರತೆಗೆಸಿ, ಪ್ಯಾಕಿಂಗ್ ತಕ್ಕಡಿಯ ಮೇಲೆ ಒಂದಾದ ಮೇಲೊಂದು ಇಡಿಸಿದೆ. ವ್ಯತ್ಯಾಸ ಎರಡೂವರೆ ಕೇಜಿ. ಅದೂ ಬಹುಪಾಲು ಬಾಗಿಲಿನ ಕೆಳ ಅಂಚಿಗೆ ಸೇರಿದ ಭಾರ, ಕೀಲಿನಿಂದ ದೂರ. ಸ್ಟ್ರಟ್‌ಗೆ ಅದು ಇನ್ನೂ ಹೆಚ್ಚಾಗಿ ತಾಗುತ್ತದೆ. ಅಷ್ಟಕ್ಕೆ ಹತ್ತು ನಿಮಿಷ ಸಾಕಾಯಿತು. ಗ್ಯಾಸ್ ಒತ್ತಡ ಹೆಚ್ಚಿಸಿ ಹೊಸ ಸ್ಟ್ರಟ್ ಮಾಡಿದೆವು, ಮಾರಿದ ಕಾರುಗಳಿಗೂ ಬದಲಿಸಿಕೊಟ್ಟೆವು. ಹಳೆಯ ವರದಿಯನ್ನೂ ತಿದ್ದಿದೆ. ತಿದ್ದಿದ ಪ್ರತಿ ಹದಿನಾಲ್ಕು ಜನರಿಗೆ ಇಮೇಲ್‌ನಲ್ಲಿ ಹೋಯಿತು. ರೇಣುಕಾಳಿಗೆ ಹೋಗಲಿಲ್ಲ. ಕಂಟ್ರಾಕ್ಟರ್ ಕೊಟ್ಟ ಫೋನ್ ನಂಬರಿಗೆ ಎರಡು ಸಲ ಕರೆ ಮಾಡಿದೆ, ಸ್ವಿಚ್ ಆಫ್ ಎಂದು ಬಂತು. ಆಕೆಯ ಬಾಡಿಗೆ ರೂಮು ಕಾರ್ಖಾನೆಯ ಹಿಂದಿನ ರಸ್ತೆಯಲ್ಲೇ ಇತ್ತು. ಹೋಗಲು ನಾಚಿಕೆಯಾಗಿ ಹೋಗಲಿಲ್ಲ, ಸತ್ಯ ಇಷ್ಟೇ.

ನಿವೃತ್ತಿಯ ಬಳಿಕ ಸಣ್ಣ ಕಾರ್ಖಾನೆಗಳಿಗೆ ಆಡಿಟ್ ಮಾಡಿಕೊಡುತ್ತಿದ್ದೇನೆ. ಹೋದ ವರ್ಷ ಅತ್ತಿಬೆಲೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಗೆ ಹೋದಾಗ ಪ್ಯಾಕಿಂಗ್ ಸಾಲಿನಲ್ಲಿ ರೇಣುಕಾ ಕಂಡಳು. ಡಬ್ಬಿ ತುಂಬುತ್ತಿದ್ದಳು, ತುಂಬಿದ್ದನ್ನು ಮತ್ತೆ ತೆಗೆದು ಎಣಿಸುತ್ತಿದ್ದಳು.

ಅಲ್ಲಿನ ಸೂಪರ್‌ವೈಸರ್ ನಗುತ್ತಾ ಹೇಳಿದ: "ಒಳ್ಳೆ ಕೆಲಸಗಾರ್ತಿ ಸಾರ್, ಆದ್ರೆ ಎಲ್ಲಾ ಎರಡೆರಡು ಸಲ ನೋಡ್ತಾರೆ. ಇನ್‌ಸ್ಪೆಕ್ಷನ್‌ಗೆ ಬನ್ನಿ, ಸಂಬಳ ಜಾಸ್ತಿ ಅಂದ್ರೂ ಬರಲ್ಲ ಅಂತಾರೆ."

ಆಕೆ ನನ್ನ ಗುರುತು ಹಿಡಿದು, ಎದ್ದು ನಿಂತು, "ಆರಾಮ ಅದೀರಿ ಸರ?" ಎಂದಳು. ಇನ್‌ಸ್ಪೆಕ್ಷನ್ ಯಾಕೆ ಬೇಡ ಎಂದು ಕೇಳಿದೆ.

"ಬ್ಯಾಡ್ರಿ ಸರ. ನನ್ನ ಕೈಲೆ ಒಬ್ಬರ ತಲಿ ಒಡದೈತಲ್ರಿ. ವರ್ಷಾ ವರ್ಷಾ ಅವ್ರ ಸಲುವಾಗಿ ಬನಶಂಕರಿಗೆ ಕಾಯಿ ಒಡಸ್ತೇನಿ. ಹೆಸರು ಗೊತ್ತಿಲ್ಲ. ಡಿಕ್ಕಿ ಬಿದ್ದ ಸಾಹೇಬ್ರಿಗೆ ಆರಾಮ ಇಡವ್ವಾ ಅಂತೇನಿ."

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಮೂರು ಸಹಿ, ಎರಡೂವರೆ ಕೇಜಿ, ತಿದ್ದಿದ ವರದಿ. ಸೂಪರ್‌ವೈಸರ್ ಪಕ್ಕದಲ್ಲೇ ಇದ್ದ. ಅವನು ಕೇಳಲಿ ಎಂದೇ ಜೋರಾಗಿ ಹೇಳಿದೆ.

"ನಂದ ತಪ್ಪಲ್ಲ ಅಂತ ನಿಮಗ ಯಾವಾಗ ಗೊತ್ತಾತ್ರಿ?"

"ಅವತ್ತೇ ಗೊತ್ತಿತ್ತಮ್ಮ. ಬರೆಯೋವಾಗ್ಲೇ."

ಆಕೆ ಅರ್ಧ ತುಂಬಿದ್ದ ಡಬ್ಬಿಯನ್ನು ತುಂಬಿ ಮುಗಿಸಿ, ಟೇಪು ಹಚ್ಚಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಹಂಗಾರ ಸರ, ಇನ್ನ ಮ್ಯಾಲೆ ಆ ಕಾಯಿ ನೀವ ಒಡಸ್ರಿ."

ಈಗ ಆಡಿಟ್‌ಗೆ ಹೋದಲ್ಲೆಲ್ಲ ನಾನು ಒಂದು ಮಾತು ಹೇಳುತ್ತೇನೆ. ಮೂಲ ಕಾರಣದ ಕಾಲಂನಲ್ಲಿ ಕೆಲಸಗಾರರ ಹೆಸರು ಬರೆಯುವವರು ಮೊದಲು ಅದನ್ನು ಅವರೆದುರೇ ನಿಂತು ಗಟ್ಟಿಯಾಗಿ ಓದಬೇಕು, ಅವರು ಹಿಂದೆ ಏನು ಹೇಳಿದ್ದರು ಎಂದು ಕೇಳಿ ಅದನ್ನೂ ಬರೆಯಬೇಕು. ನನ್ನ ವೃತ್ತಿ ಕಲಿಸಿದ ಪಾಠ ಇದು. ಕಲಿತದ್ದು ನಾನು, ಅದಕ್ಕೆ ಆರು ವರ್ಷ ದಂಡ ತೆತ್ತವಳು ರೇಣುಕಾ.

ಈ ವರ್ಷದ ಕಾಯಿಯನ್ನು ನಾನು ಒಡೆಸಿದೆ. ಅರ್ಚಕರು ಯಾರ ಹೆಸರಿಗೆ ಎಂದು ಕೇಳಿದರು. ಪೆಟ್ಟಾದ ಗ್ರಾಹಕರ ಹೆಸರು ಹೇಳಿದೆ. ಅದು ವರದಿಯಲ್ಲೇ ಇತ್ತು, ನನಗೆ ಮೊದಲಿನಿಂದಲೂ ಗೊತ್ತಿತ್ತು. ರೇಣುಕಾಳಿಗೆ ಅಷ್ಟನ್ನಾದರೂ ಯಾರೂ ಹೇಳಿರಲಿಲ್ಲ.